ಮೇರಿ ಅಡಿಲೇಡ್ ನಟ್ಟಿಂಗ್

ರೋಗಿಯ ಶುಶ್ರೂಷೆಗೆ ಕರುಣೆಯೂ ಕೈಗೆಲಸದ ಅಭ್ಯಾಸವೂ ಇದ್ದರೆ ಸಾಕೆಂದು ಲೋಕವು ನಂಬಿದ್ದ ಕಾಲವೊಂದಿತ್ತು. ದಾದಿಗೆ ಉನ್ನತ ವಿದ್ಯೆಯೇತಕ್ಕೆ ಎಂಬುದೇ ಅಂದಿನ ಭಾವನೆ. ಅದನ್ನು ಅಳಿಸಲು ಜೀವಮಾನವನ್ನೇ ಮುಡಿಪಾಗಿಟ್ಟವರಲ್ಲಿ ಮೇರಿ ಅಡಿಲೇಡ್ ನಟ್ಟಿಂಗ್ ಅಗ್ರಗಣ್ಯಳು.

ಆಕೆ 1858ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜನಿಸಿದಳು. ತಾರುಣ್ಯದಲ್ಲಿ ಸಂಗೀತವನ್ನು ಕಲಿತು, ಕೆಲಕಾಲ ಅದನ್ನೇ ಬೋಧಿಸಿದಳು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ತೆರೆಯಿತು. ಸುಮಾರು ಮೂವತ್ತು ವರ್ಷ ವಯಸ್ಸಿನ ನಟ್ಟಿಂಗ್ ಅದರ ಮೊದಲ ತಂಡವನ್ನು ಸೇರಿ, 1891ರಲ್ಲಿ ತೇರ್ಗಡೆ ಹೊಂದಿದಳು. ಕೆಲವೇ ವರ್ಷಗಳಲ್ಲಿ ಆ ಶಾಲೆಯ ಮುಖ್ಯಸ್ಥೆಯೂ ಆದಳು.

ಆ ಕಾಲದಲ್ಲಿ ಶುಶ್ರೂಷಾ ಶಾಲೆಗಳು ಹೆಸರಿಗೆ ಮಾತ್ರ ಶಾಲೆಗಳಾಗಿದ್ದವು. ಆಸ್ಪತ್ರೆಯ ದುಡಿಮೆಯ ಬಹುಭಾಗವು ವಿದ್ಯಾರ್ಥಿನಿಯರ ಹೆಗಲ ಮೇಲೆಯೇ ಬೀಳುತ್ತಿತ್ತು. ವಾರಕ್ಕೆ 60 ಗಂಟೆಗಳಿಗೂ ಮೀರಿ ದುಡಿದು ಬಳಲಿದವರು ರಾತ್ರಿ ಪಾಠಕ್ಕೆ ಕುಳಿತರೆ ತಲೆಗೆ ಹತ್ತುವುದೇನು? ನಟ್ಟಿಂಗ್ ಈ ಅನ್ಯಾಯವನ್ನು ಕಂಡು ಮರುಗಿ ಸುಮ್ಮನಾಗಲಿಲ್ಲ. ಹಲವು ಶಾಲೆಗಳ ಅಂಕಿ ಅಂಶಗಳನ್ನು ಕಲೆಹಾಕಿ 1896ರಲ್ಲಿ ತನ್ನ ವೃತ್ತಿಬಾಂಧವರ ಮುಂದಿಟ್ಟಳು. ತನ್ನ ಶಾಲೆಯಲ್ಲಿ ಮೂರು ವರ್ಷಗಳ ವ್ಯಾಸಂಗವನ್ನೂ ದಿನಕ್ಕೆ ಎಂಟು ಗಂಟೆಗಳ ಕೆಲಸದ ಮಿತಿಯನ್ನೂ ಜಾರಿಗೆ ತಂದಳು. 1901ರಲ್ಲಿ, ವಾರ್ಡನ್ನು ಪ್ರವೇಶಿಸುವ ಮುನ್ನ ಆರು ತಿಂಗಳ ಪೂರ್ವಸಿದ್ಧತಾ ಪಾಠಕ್ರಮವನ್ನು ಏರ್ಪಡಿಸಿದಳು.

1907ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ಆಕೆಯನ್ನು ಪ್ರಾಧ್ಯಾಪಕಿಯನ್ನಾಗಿ ನೇಮಿಸಿತು. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪೀಠವನ್ನೇರಿದ ಮೊತ್ತಮೊದಲ ದಾದಿ ಆಕೆಯೇ. ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬ ಮಹಿಳೆಯ ಉದಾರ ದತ್ತಿಯಿಂದ ಆಕೆಯ ವಿಭಾಗವು ಬೆಳೆಯಿತು. ಶುಶ್ರೂಷಾ ಶಾಲೆಗಳನ್ನು ನಡೆಸುವವರೂ ಅಲ್ಲಿ ಬೋಧಿಸುವವರೂ ಇಲ್ಲಿ ತರಬೇತಿ ಪಡೆದರು. ಲ್ಯಾವಿನಿಯಾ ಡಾಕ್ ಅವರೊಡನೆ ಆಕೆ ಆರಂಭಿಸಿದ ಶುಶ್ರೂಷೆಯ ಇತಿಹಾಸವು ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಗತಕಾಲವನ್ನು ಅರಿಯದ ವೃತ್ತಿಗೆ ಆತ್ಮಗೌರವ ಮೂಡದೆಂಬುದನ್ನು ಆಕೆ ಬಲ್ಲವಳಾಗಿದ್ದಳು.

ನಟ್ಟಿಂಗ್ 1925ರಲ್ಲಿ ನಿವೃತ್ತಳಾದಳು. ಆ ದಶಕದಲ್ಲಿಯೇ ಟೀಚರ್ಸ್ ಕಾಲೇಜಿನಲ್ಲಿ ದಾದಿಯರಿಗೆ ಡಾಕ್ಟರೇಟ್ ವ್ಯಾಸಂಗದ ಬಾಗಿಲು ತೆರೆಯಿತು. 1934ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವೂ ಅದೇ ಹಾದಿಯನ್ನು ಹಿಡಿಯಿತು. ಮೊದಮೊದಲು ಬೋಧಕರನ್ನು ಸಿದ್ಧಗೊಳಿಸುವುದೇ ಈ ವ್ಯಾಸಂಗದ ಗುರಿಯಾಗಿತ್ತು. ಶುಶ್ರೂಷೆಯೇ ಸಂಶೋಧನೆಯ ವಿಷಯವಾದದ್ದು ಅನಂತರದ ಬೆಳವಣಿಗೆ.

1948ರಲ್ಲಿ ನಟ್ಟಿಂಗ್ ಕಾಲವಾದಳು. ತಾನು ಅಂತಹ ವ್ಯಾಸಂಗ ಮಾಡಿದವಳಲ್ಲವಾದರೂ ಮುಂದಿನವರು ಮಾಡಲು ಬೇಕಾದ ನೆಲವನ್ನು ಆಕೆ ಹದಗೊಳಿಸಿದ್ದಳು. ಸೇವೆಗೆ ಜ್ಞಾನವು ಜೊತೆಗೂಡಿದಾಗಲೇ ರೋಗಿಗೆ ನಿಜವಾದ ಆಸರೆ ದೊರೆಯುತ್ತದೆ ಎಂಬುದು ಆಕೆಯ ಬಾಳು ನಮಗೆ ಕಲಿಸುವ ಪಾಠ.