ರುಡಾಲ್ಫ್ ಡೀಸೆಲ್

ಡೀಸೆಲ್ ಎಂಬ ಮಾತನ್ನು ಕೇಳದವರು ವಿರಳ. ಬಸ್ಸು, ಲಾರಿ, ಟ್ರ್ಯಾಕ್ಟರು, ಹಡಗು ಇವುಗಳನ್ನು ನಡೆಸುವ ಯಂತ್ರಕ್ಕೂ ಆ ಯಂತ್ರದಲ್ಲಿ ಉರಿಯುವ ಎಣ್ಣೆಗೂ ಇದೇ ಹೆಸರು. ಆದರೆ ಇದು ಒಬ್ಬ ಮನುಷ್ಯನ ಹೆಸರೆಂಬುದು ಅನೇಕರಿಗೆ ತಿಳಿಯದು. ಇಂಧನದ ಶಕ್ತಿ ವ್ಯರ್ಥವಾಗುವುದನ್ನು ತಡೆಯಬೇಕೆಂಬ ಒಂದೇ ಹಂಬಲಕ್ಕೆ ತನ್ನ ಬಾಳನ್ನು ಮುಡಿಪಾಗಿಟ್ಟ ಆ ಎಂಜಿನಿಯರನೇ ರುಡಾಲ್ಫ್ ಡೀಸೆಲ್.

ರುಡಾಲ್ಫನು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯಾ ಪ್ರಾಂತದಿಂದ ಬಂದು ಅಲ್ಲಿ ನೆಲೆಸಿದ್ದವರು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಸಾಮಾನುಗಳನ್ನು ಮಾಡುವುದು ತಂದೆಯ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಿತು. ಜರ್ಮನ್ ಮನೆತನದವರೆಂಬ ಕಾರಣಕ್ಕೆ ಡೀಸೆಲ್ ಕುಟುಂಬವು ಪ್ಯಾರಿಸನ್ನು ತೊರೆದು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಸಂಸಾರ ನಡೆಯುವುದೇ ಕಷ್ಟವಾದುದರಿಂದ ಹನ್ನೆರಡು ವರ್ಷದ ಬಾಲಕನನ್ನು ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಮನೆಯ ಯಜಮಾನನು ಗಣಿತದ ಉಪಾಧ್ಯಾಯನಾಗಿದ್ದನು. ಅವನ ಆಶ್ರಯದಲ್ಲಿ ಹುಡುಗನ ವಿದ್ಯೆ ಚೆನ್ನಾಗಿ ಸಾಗಿತು. ತಾನು ಎಂಜಿನಿಯರನಾಗಬೇಕೆಂಬ ನಿಶ್ಚಯವೂ ಆಗಲೇ ಮೂಡಿತು.

ವಿದ್ಯಾರ್ಥಿವೇತನದ ನೆರವಿನಿಂದ ರುಡಾಲ್ಫನು ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಶೀತಲೀಕರಣ ಯಂತ್ರಗಳಿಂದ ಹೆಸರಾದ ಕಾರ್ಲ್ ಫಾನ್ ಲಿಂಡೆ ಅಲ್ಲಿ ಪ್ರಾಧ್ಯಾಪಕನಾಗಿದ್ದನು. ಅಂದಿನ ಉಗಿಯಂತ್ರಗಳು ಇಂಧನದ ಶಾಖದಲ್ಲಿ ಹತ್ತನೆಯ ಒಂದು ಭಾಗವನ್ನು ಕೂಡ ಕೆಲಸವಾಗಿ ಮಾರ್ಪಡಿಸುವುದು ಕಷ್ಟವೆಂದು ಲಿಂಡೆ ಬೋಧಿಸಿದನು. ಉಳಿದ ಶಾಖವೆಲ್ಲ ನಿಷ್ಪ್ರಯೋಜಕವಾಗಿ ಹೋಗುತ್ತಿತ್ತು. ಈ ಮಾತು ತರುಣ ಡೀಸೆಲನ ಮನಸ್ಸಿನಲ್ಲಿ ನಾಟಿತು. 1880ರಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿ, ಲಿಂಡೆಯ ಸಂಸ್ಥೆಯ ಪರವಾಗಿ ಪ್ಯಾರಿಸಿನಲ್ಲಿ ಉದ್ಯೋಗಕ್ಕೆ ನಿಂತಾಗಲೂ ಅವನು ಅದನ್ನು ಮರೆಯಲಿಲ್ಲ. ಉಗಿಗೆ ಬದಲಾಗಿ ಅಮೋನಿಯದ ಆವಿಯಿಂದ ಯಂತ್ರವನ್ನು ನಡೆಸಲು ವರ್ಷಗಟ್ಟಲೆ ಶ್ರಮಿಸಿದನು. ಆ ಪ್ರಯತ್ನ ಫಲಿಸಲಿಲ್ಲ.

ಆದರೆ ಆ ಸೋಲು ಅವನಿಗೆ ಹೊಸ ದಾರಿಯನ್ನು ತೋರಿಸಿತು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಅದರೊಳಕ್ಕೆ ಇಂಧನವನ್ನು ಚಿಮ್ಮಿಸಿದರೆ ಕಿಡಿಯ ಸಹಾಯವಿಲ್ಲದೆ ಅದು ತಾನಾಗಿಯೇ ಹೊತ್ತಿಕೊಳ್ಳಬೇಕು. ಒತ್ತಡ ಹೆಚ್ಚಿದಂತೆ ಶಾಖದ ಹೆಚ್ಚು ಪಾಲು ಕೆಲಸಕ್ಕೆ ಒದಗಬೇಕು. ಇದೇ ಡೀಸೆಲನ ಕಲ್ಪನೆ. 1892ರಲ್ಲಿ ಅವನು ಇದಕ್ಕೆ ಹಕ್ಕುಪತ್ರವನ್ನು ಕೋರಿದನು; ಮರುವರ್ಷ ಅದು ದೊರೆಯಿತು. ಅದೇ ವರ್ಷ ತನ್ನ ಸಿದ್ಧಾಂತವನ್ನು ವಿವರಿಸುವ ಪುಸ್ತಕವನ್ನೂ ಪ್ರಕಟಿಸಿದನು.

ಕಾಗದದ ಮೇಲಿನ ಯಂತ್ರವನ್ನು ಕಬ್ಬಿಣದಲ್ಲಿ ಮೂಡಿಸುವುದು ಸುಲಭವಾಗಿರಲಿಲ್ಲ. ಅವನು ಮೊದಲು ಲೆಕ್ಕ ಹಾಕಿದ್ದುದು ವಾಯುಮಂಡಲದ ಒತ್ತಡದ 250 ಪಟ್ಟು ಒತ್ತಡವನ್ನು. ಅಂದಿನ ಯಾವ ಯಂತ್ರವೂ ಅದನ್ನು ತಾಳುವಂತಿರಲಿಲ್ಲ. ಡೀಸೆಲನು ಹಟ ಹಿಡಿಯದೆ ತನ್ನ ಲೆಕ್ಕವನ್ನು ಬಹಳವಾಗಿ ತಗ್ಗಿಸಿದನು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯಲ್ಲಿ 1893ರ ಆಗಸ್ಟಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಸಿಲಿಂಡರಿನಲ್ಲಿ ಇಂಧನ ಸ್ಫೋಟಿಸಿ, ಒತ್ತಡವನ್ನು ಅಳೆಯುವ ಉಪಕರಣ ಚೂರುಚೂರಾಯಿತು. ಆದರೂ ಅವನು ಎದೆಗುಂದಲಿಲ್ಲ. ಕಿಡಿಯಿಲ್ಲದೆ ಇಂಧನ ಹೊತ್ತಿಕೊಂಡಿತೆಂಬುದು ಆ ಅವಘಡದಿಂದಲೇ ಸಿದ್ಧವಾಗಿತ್ತು. 1894ರ ಫೆಬ್ರವರಿಯಲ್ಲಿ ಯಂತ್ರವು ಸುಮಾರು ಒಂದು ನಿಮಿಷ ಕಾಲ ತಾನಾಗಿ ಓಡಿತು. ಆ ಒಂದು ನಿಮಿಷವನ್ನು ನಂಬಿ ಅವನು ಇನ್ನೂ ಮೂರು ವರ್ಷ ದುಡಿದನು. 1897ರ ಫೆಬ್ರವರಿಯಲ್ಲಿ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರನು ಸುಮಾರು 20 ಅಶ್ವಶಕ್ತಿಯ ಎಂಜಿನ್ನನ್ನು ಪರೀಕ್ಷಿಸಿ, ಅದು ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸುವುದೆಂದು ಕಂಡುಕೊಂಡನು. ಉಗಿಯಂತ್ರವು ಬಹಳ ಹಿಂದೆ ಬಿದ್ದಿತು.

ಕೀರ್ತಿಯೂ ಹಣವೂ ಡೀಸೆಲನನ್ನು ಹುಡುಕಿಕೊಂಡು ಬಂದವು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿ ತೋರಿಸಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಬಲದಿಂದ ಮಹಾಸಾಗರ ಯಾನ ಮಾಡಿತು. ಆದರೆ ಯಂತ್ರ ಬೆಳೆದಂತೆ ಅದರ ನಿರ್ಮಾಪಕನು ಕುಗ್ಗುತ್ತ ಬಂದನು. ಹಕ್ಕುಪತ್ರದ ವಿವಾದಗಳು ಅವನ ನೆಮ್ಮದಿಯನ್ನು ಕೆಡಿಸಿದವು. ಅತಿಶ್ರಮದಿಂದ ಆರೋಗ್ಯ ಹದಗೆಟ್ಟಿತು. ಹೂಡಿದ ಹಣ ನಷ್ಟವಾಗಿ ಸಾಲ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಅವನು ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಡ್ರೆಸ್‌ಡನ್ ಎಂಬ ಹಡಗಿನಲ್ಲಿ ಹೊರಟನು. ಊಟ ಮುಗಿಸಿ ತನ್ನ ಕೋಣೆಯ ಕಡೆಗೆ ಹೋದವನನ್ನು ಬೆಳಿಗ್ಗೆ ಯಾರೂ ಕಾಣಲಿಲ್ಲ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ದೊರೆತ ಶವದ ಮೇಲಿದ್ದ ವಸ್ತುಗಳನ್ನು ಅವನ ಮಗನು ಗುರುತಿಸಿದನು. ಆ ಸಾವಿನ ಕಾರಣದ ಬಗೆಗೆ ಚರ್ಚೆ ಇನ್ನೂ ಮುಗಿದಿಲ್ಲ. ಆಗ ಡೀಸೆಲನಿಗೆ 55 ವರ್ಷ.

ಅವನು ಕಣ್ಮರೆಯಾದಾಗ ಅವನ ಎಂಜಿನ್ನು ರಸ್ತೆಗೆ ಇಳಿದಿರಲಿಲ್ಲ. ಇಂಧನವನ್ನು ಚಿಮ್ಮಿಸಲು ಒತ್ತಿದ ಗಾಳಿಯನ್ನು ಒದಗಿಸುವ ಸಾಧನವೂ ಅದಕ್ಕೆ ಬೇಕಾಗಿದ್ದುದರಿಂದ ಅದು ವಾಹನಕ್ಕೆ ಮಿತಿಮೀರಿದ ಭಾರವಾಗಿತ್ತು. 1920ರ ದಶಕದಲ್ಲಿ ಆ ಕೊರತೆ ನೀಗಿ, ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಸಂಚರಿಸತೊಡಗಿದವು. ಈ ಎಂಜಿನ್ನು ಮಂದಗತಿಯಲ್ಲಿಯೇ ಬಲವಾಗಿ ಎಳೆಯುತ್ತದೆ. ಆದರೆ ಅದು ಹದವಾಗಿ ದುಡಿಯುವ ವೇಗದ ಎಲ್ಲೆ ಕಿರಿದು. ಸುತ್ತುಗಳು ತೀರ ಇಳಿದರೆ ಅದು ಏದುಸಿರುಬಿಟ್ಟು ನಿಲ್ಲುತ್ತದೆ. ತೀರ ಏರಿದರೆ ಇಂಧನ ವ್ಯರ್ಥವಾಗುತ್ತದೆ. ಈ ಎಲ್ಲೆಯನ್ನು ಕಾಯುವುದೇ ಗೇರುಗಳ ಕೆಲಸ. ಘಟ್ಟವನ್ನೇರುವ ಬಸ್ಸಿನ ಚಾಲಕನು ಸಕಾಲದಲ್ಲಿ ಕೆಳಗಿನ ಗೇರಿಗೆ ಇಳಿಸಿದಾಗ, ಚಕ್ರಗಳು ನಿಧಾನವಾಗಿ ಉರುಳಿದರೂ ಎಂಜಿನ್ನು ತನ್ನ ಹದವನ್ನು ಬಿಡುವುದಿಲ್ಲ. ಇಂಧನದ ಒಂದೊಂದು ಹನಿಯಿಂದಲೂ ಹೆಚ್ಚು ಕೆಲಸ ಪಡೆಯಬೇಕೆಂಬ ಡೀಸೆಲನ ಆಶಯವನ್ನು ಆ ಚಾಲಕನ ಕೈಯೂ ತನಗರಿಯದೆಯೇ ನಡೆಸಿಕೊಡುತ್ತದೆ.

ಇಂದು ದೊಡ್ಡ ಹಡಗುಗಳ ಡೀಸೆಲ್ ಎಂಜಿನ್ನುಗಳು ಇಂಧನದ ಶಾಖದಲ್ಲಿ ಸುಮಾರು ಅರ್ಧದಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತವೆ. ಅವುಗಳ ಹೊಗೆಯಿಂದ ಗಾಳಿ ಕೆಡುವುದೂ ಈಗ ತಿಳಿದಿದೆ. ಅದನ್ನು ತಡೆಯುವ ಹೊಣೆ ಇಂದಿನ ಎಂಜಿನಿಯರರ ಮೇಲಿದೆ. ಡೀಸೆಲನು ತನ್ನ ಲೆಕ್ಕವನ್ನು ತಿದ್ದಿಕೊಳ್ಳಲು ಹಿಂಜರಿಯಲಿಲ್ಲ, ಗುರಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ವ್ಯರ್ಥವಾಗುವುದನ್ನು ಕಂಡು ಸುಮ್ಮನಿರಲಾರದ ಆ ಮನೋಧರ್ಮವೇ ಅವನು ಲೋಕಕ್ಕೆ ಬಿಟ್ಟುಹೋದ ನಿಜವಾದ ಆಸ್ತಿ.