ಮೂಳೆಯ ಚೂರು ಹೇಳಿದ ಕಥೆ

ಕರ್ನಾಟಕದ ಕಾಡುಗಳಲ್ಲಿ ಇಂದು ಖಡ್ಗಮೃಗವಿಲ್ಲ. ಆದರೆ ಸಹಸ್ರಾರು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯಲ್ಲಿ ಈ ಪ್ರಾಣಿ ಬದುಕಿದ್ದಿತು. ಇದಕ್ಕೆ ಬರೆದಿಟ್ಟ ದಾಖಲೆಯಿಲ್ಲ. ನೆಲದಲ್ಲಿ ಹುದುಗಿದ್ದ ಹಲ್ಲು ಮೂಳೆಗಳೇ ಸಾಕ್ಷಿ. ಆ ಸಾಕ್ಷಿಯನ್ನು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ನಗರದಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ದಕ್ಷಿಣ ಭಾರತಕ್ಕೆ ಬಂದರು. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರದಲ್ಲಿ ಅವರಿಗೆ ಒಂದು ಕಲ್ಲು ದೊರೆಯಿತು. ಅದರ ಅಂಚುಗಳನ್ನು ಪರೀಕ್ಷಿಸಿದ ಫೂಟರು, ಅದು ಆದಿಮಾನವನು ಕೆತ್ತಿದ ಆಯುಧವೆಂದು ಅರಿತರು. ಭಾರತದಲ್ಲಿ ಹಳೆಯ ಶಿಲಾಯುಗದ ಶೋಧನೆ ಇದರಿಂದ ಆರಂಭವಾಯಿತು.

ಅನಂತರ ಅವರ ಗಮನ ಗೋಕಾಕದ ಬಳಿ ದೊರೆತ ಪಳೆಯುಳಿಕೆಗಳತ್ತ ಹರಿಯಿತು. ಪ್ರಾಣಿಯ ದೇಹವು ಮಣ್ಣಾದರೂ ಹಲ್ಲು ಬಹುಕಾಲ ಉಳಿಯುತ್ತದೆ. ಅದರ ಮಡಿಕೆಗಳೂ ಏಣುಗಳೂ ಒಂದೊಂದು ಜಾತಿಗೆ ಒಂದೊಂದು ಬಗೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲೂ ಹೀಗೆಯೇ. ಪಳೆಯುಳಿಕೆಯಾಗಿ ಉಳಿದ ಅಂತಹ ಕಲ್ಲಿನ ಆಕಾರವನ್ನು ನೋಡಿ, ಎಂದೋ ಅಳಿದ ಚಪ್ಪಟೆ ಮೀನಿನ ಜಾತಿಯನ್ನು ವಿಜ್ಞಾನಿಗಳು ನಿರ್ಣಯಿಸುತ್ತಾರೆ. ಫೂಟರು ಗೋಕಾಕದ ಅವಶೇಷಗಳನ್ನು ತಿಳಿದಿದ್ದ ಖಡ್ಗಮೃಗಗಳೊಡನೆ ಹೋಲಿಸಿದರು. ಅವು ಬೇರೆಯೇ ಜಾತಿಯವೆಂದು ತೀರ್ಮಾನಿಸಿ, 1874ರಲ್ಲಿ ಅದನ್ನು ರೈನೋಸೆರಸ್ ಡೆಕ್ಕನೆನ್ಸಿಸ್, ಎಂದರೆ ದಖ್ಖನದ ಖಡ್ಗಮೃಗ, ಎಂದು ಹೆಸರಿಸಿ ವರ್ಣಿಸಿದರು.

ಕನ್ನಡ ನಾಡಿನ ಶಿಲೆಗಳ ಅಧ್ಯಯನಕ್ಕೂ ಫೂಟರ ಕೊಡುಗೆ ದೊಡ್ಡದು. ಇಲ್ಲಿನ ಒಂದು ಪ್ರಾಚೀನ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನು ಕೊಟ್ಟವರು ಅವರೇ. ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನೆಲೆಗಳನ್ನು ಅವರು ಶೋಧಿಸಿದರು. 1891ರಲ್ಲಿ ನಿವೃತ್ತರಾದ ಮೇಲೂ ವಿಶ್ರಮಿಸದೆ, 1894ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು.

ಫೂಟರು ವಸ್ತುಗಳನ್ನು ಕೂಡಿಡುವುದರಲ್ಲಿಯೇ ತೃಪ್ತರಾಗಲಿಲ್ಲ. ಅವು ದೊರೆತ ಸ್ಥಳವನ್ನೂ ಗುರುತಿಸಿಡುತ್ತಿದ್ದರು. ಎಲ್ಲಿ ಸಿಕ್ಕಿತೆಂದು ತಿಳಿಯದ ಮೂಳೆ ಅಥವಾ ಕಲ್ಲು, ತನ್ನ ಕಥೆಯ ಅರ್ಧವನ್ನು ಕಳೆದುಕೊಂಡಂತೆಯೇ ಸರಿ. 1904ರಲ್ಲಿ ಅವರ ಶಿಲಾಯುಧಗಳ ಸಂಗ್ರಹವು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದರ ವಿವರವಾದ ಪಟ್ಟಿಯು ಅಚ್ಚಾಗಿ ಹೊರಬರುವ ಮೊದಲೇ, 1912ರ ಡಿಸೆಂಬರಿನಲ್ಲಿ, ಫೂಟರು ಕಲ್ಕತ್ತೆಯಲ್ಲಿ ನಿಧನರಾದರು. ಆದರೆ ಅವರು ಗುರುತಿಸಿಟ್ಟ ಸ್ಥಳಗಳನ್ನು ಹಿಡಿದು ಮುಂದಿನ ಸಂಶೋಧಕರು ಅದೇ ನೆಲಕ್ಕೆ ಮರಳಿ ಬಂದರು.