ವೆರಿಯರ್ ಎಲ್ವಿನ್ನರು ಹಿಡಿದ ದಾರಿ

ಕಳೆದ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆಂದು ನಾವು ಕಾಡಂಚಿನ ಒಂದು ಹಾಡಿಗೆ ಹೋಗಿದ್ದೆವು. ಏಳು ದಿನ ಅಲ್ಲಿದ್ದು ನೈರ್ಮಲ್ಯ, ಸಾಕ್ಷರತೆ, ಕುಡಿತದ ಕೇಡು ಇವುಗಳ ಮೇಲೆ ಸರದಿಯಂತೆ ಭಾಷಣ ಮಾಡಿದೆವು. ನನ್ನ ಪಾಲಿಗೆ ಬಂದದ್ದು ಮೂರನೆಯದು; ಅದಕ್ಕೆ ಚಪ್ಪಾಳೆಯೂ ಬಿತ್ತು. ಹಿಂತಿರುಗುವಾಗ ಬಸ್ಸಿನಲ್ಲಿ ಕುಳಿತ ಮೇಲೆ, ಅಷ್ಟು ದಿನಗಳಲ್ಲಿ ಅಲ್ಲಿಯವರನ್ನು ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವೆಂಬುದು ಹೊಳೆಯಿತು. ಆ ಅಳುಕು ಮನಸ್ಸಿನಲ್ಲಿರುವಾಗಲೇ ನಮ್ಮ ಗ್ರಂಥಾಲಯದಲ್ಲಿ ವೆರಿಯರ್ ಎಲ್ವಿನ್ನರ ಆತ್ಮಕಥೆ ಕೈಗೆ ಸಿಕ್ಕಿತು. ಅವರೂ ಬೋಧಿಸಲೆಂದೇ ಬಂದವರು.

ಎಲ್ವಿನ್ನರು 1902ರಲ್ಲಿ ಇಂಗ್ಲೆಂಡಿನ ಡೋವರ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಆಫ್ರಿಕಾದ ಸಿಯೆರಾ ಲಿಯೋನಿನ ಬಿಷಪ್ಪರು. ಮಗನಿಗೆ ಏಳು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. ತಾಯಿ ಕಟ್ಟಾ ದೈವಭಕ್ತೆ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ, ಕ್ರೈಸ್ತ ಧರ್ಮಶಾಸ್ತ್ರ ಎರಡರಲ್ಲೂ ಪ್ರಥಮ ದರ್ಜೆ ಪಡೆದ ಎಲ್ವಿನ್ನರು ಪಾದ್ರಿಯಾಗಿ ದೀಕ್ಷೆ ಪಡೆದರು. ಅಲ್ಲಿಯೇ ಉಳಿದಿದ್ದರೆ ಅವರ ಬಾಳು ಸುಖವಾಗಿ ಸಾಗುತ್ತಿತ್ತು. ಆದರೆ 1927ರಲ್ಲಿ ಅವರು ಹಡಗು ಹತ್ತಿ ಪುಣೆಯ ಕ್ರಿಸ್ತ ಸೇವಾ ಸಂಘಕ್ಕೆ ಬಂದರು. ಖಾದಿ ತೊಟ್ಟು, ನೆಲದ ಮೇಲೆ ಕುಳಿತು ಉಂಡು, ಕ್ರಿಸ್ತನ ಮತವನ್ನು ಭಾರತೀಯ ರೀತಿಯಲ್ಲಿ ಬಾಳಿ ತೋರಿಸಬೇಕೆಂಬುದು ಆ ಸಂಘದವರ ಧ್ಯೇಯವಾಗಿತ್ತು.

1928ರ ಜನವರಿಯಲ್ಲಿ ಸಾಬರಮತಿಗೆ ಹೋಗಿ ಗಾಂಧೀಜಿಯವರನ್ನು ಕಂಡದ್ದು ಮೊದಲನೆಯ ತಿರುವು. ಪಾದ್ರಿಗಳು ರಾಜಕೀಯದಿಂದ ದೂರವಿರಬೇಕೆಂಬ ಕಟ್ಟಳೆಯನ್ನು ಲೆಕ್ಕಿಸದೆ ಎಲ್ವಿನ್ನರು ಸತ್ಯಾಗ್ರಹವನ್ನು ಸಮರ್ಥಿಸಿ ಬರೆದರು. 1932ರ ಜನವರಿ 4ರ ಬೆಳಗಿನ ಜಾವ ಮುಂಬಯಿಯ ಮಣಿಭವನದಲ್ಲಿ ಪೊಲೀಸರು ಗಾಂಧೀಜಿಯವರನ್ನು ಬಂಧಿಸಿದಾಗ ಈ ಇಂಗ್ಲಿಷ್ ಪಾದ್ರಿಯೂ ಅಲ್ಲಿದ್ದರು. ಅದೇ ತಿಂಗಳು ಗೆಳೆಯ ಶ್ಯಾಮರಾವ್ ಹಿವಾಳೆಯವರೊಡನೆ ಮಧ್ಯಪ್ರಾಂತದ ಮಂಡ್ಲಾ ಜಿಲ್ಲೆಯ ಕರಂಜಿಯಾ ಎಂಬ ಗೊಂಡರ ಹಳ್ಳಿ ಸೇರಿದರು. ಗೊಂಡರ ನಡುವೆ ಕೆಲಸ ಮಾಡಿರೆಂದು ಸೂಚಿಸಿದವರು ಜಮನಾಲಾಲ ಬಜಾಜರು. ಹುಲ್ಲಿನ ಗುಡಿಸಲು, ಶಾಲೆ, ಔಷಧಾಲಯ ಇವು ಎದ್ದುನಿಂತವು. ಮತಾಂತರ ಮಾತ್ರ ಮಾಡುವುದಿಲ್ಲವೆಂದು ಎಲ್ವಿನ್ನರು ನಿಶ್ಚಯಿಸಿದ್ದರು. ನಾಗಪುರದ ಬಿಷಪ್ಪರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದ ಹೊರತು ಪಾದ್ರಿಯ ಕೆಲಸಕ್ಕೆ ಅಪ್ಪಣೆಯಿಲ್ಲವೆಂದರು. ಎಲ್ವಿನ್ನರು ಪ್ರಮಾಣ ಮಾಡಲಿಲ್ಲ. 1935ರಲ್ಲಿ ಚರ್ಚನ್ನೇ ತೊರೆದರು. ಅವರನ್ನು ಧರ್ಮಸೇವೆಗೆಂದೇ ಬೆಳೆಸಿದ್ದ ತಾಯಿ ಆಗ ಇಂಗ್ಲೆಂಡಿನಲ್ಲಿದ್ದರೆಂಬುದನ್ನು ಮರೆಯಬಾರದು.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ, ಒಂದು ಗುರುವನ್ನು ಬಿಟ್ಟು ಇನ್ನೊಂದು ಗುರುವನ್ನು ಹಿಡಿದರೆಂದು ಹೇಳಿ ಸುಮ್ಮನಾಗಬಹುದಿತ್ತು. ಎರಡನೆಯ ತಿರುವು ಇದಕ್ಕಿಂತ ಕಷ್ಟದ್ದು. ಆಶ್ರಮದ ನಿಯಮಗಳನ್ನು ಕಾಡಿಗೆ ಹೊತ್ತುಕೊಂಡು ಹೋಗಿದ್ದ ಎಲ್ವಿನ್ನರಿಗೆ ಅವು ಅಲ್ಲಿ ಒಗ್ಗುವುದಿಲ್ಲವೆಂಬುದು ಕ್ರಮೇಣ ಗೋಚರವಾಯಿತು. ಹತ್ತಿಯೇ ಬೆಳೆಯದ ಬೆಟ್ಟದಲ್ಲಿ ಚರಕದಿಂದ ಏನು ಪ್ರಯೋಜನ? ಹಿಪ್ಪೆ ಹೂವಿನ ಮದ್ಯವಿಲ್ಲದೆ ಅವರಲ್ಲಿ ಮದುವೆಯೂ ಇಲ್ಲ, ದೇವರ ಕಾರ್ಯವೂ ಇಲ್ಲ. ನೆರೆಯ ಬೈಗರು ನೇಗಿಲು ಹಿಡಿಯುವವರಲ್ಲ; ಭೂತಾಯಿಯ ಎದೆಯನ್ನು ಸೀಳುವುದು ಪಾಪವೆಂದು ನಂಬಿ, ಕಾಡು ಕಡಿದು ಸುಟ್ಟು ಬೂದಿಯಲ್ಲಿ ಬೀಜ ಚೆಲ್ಲುವವರು. ಆ ಬೇಸಾಯಕ್ಕೆ ಅವರು ಬೇವರ್ ಎನ್ನುತ್ತಾರೆ. ಅರಣ್ಯ ಇಲಾಖೆಯು ಅದನ್ನು ಒಂದು ಸಣ್ಣ ಪ್ರದೇಶಕ್ಕೆ ಕಟ್ಟಿಹಾಕಿತ್ತು. ಅವರ ದಾರಿದ್ರ್ಯಕ್ಕೆ ಸೋಮಾರಿತನ ಕಾರಣವಲ್ಲ, ಕಾಡು ಕೈತಪ್ಪಿದ್ದೇ ಕಾರಣವೆಂದು ಎಲ್ವಿನ್ನರು ಕಂಡುಕೊಂಡರು. ಸುಧಾರಕರಾಗಿ ಹೋದವರು ಕೇಳುವವರಾಗಿ ಕುಳಿತರು. 1939ರಲ್ಲಿ ಬೈಗರ ಮೇಲೆ ಬರೆದ ದೊಡ್ಡ ಗ್ರಂಥ ಹೊರಬಂತು. 1947ರಲ್ಲಿ ಬಸ್ತರಿನ ಮುರಿಯರನ್ನೂ ಅವರ ಯುವಕ ಯುವತಿಯರ ಘೋಟುಲನ್ನೂ ಕುರಿತದ್ದು. ಮಾನವಶಾಸ್ತ್ರದಲ್ಲಿ ಅವರಿಗೆ ಪರೀಕ್ಷೆಯ ಪದವಿಯೇನೂ ಇರಲಿಲ್ಲ.

ಬೈಗರಿಗೆ ಹೊರಗಿನವರ ಕಾಟವಿಲ್ಲದ ರಕ್ಷಿತ ನೆಲೆಯೊಂದು ಬೇಕೆಂದು ಎಲ್ವಿನ್ನರು ವಾದಿಸಿದಾಗ, ಮನುಷ್ಯರನ್ನು ಮೃಗಾಲಯದಲ್ಲಿಡುವ ಮಾತಿದೆಂದು ಟೀಕೆಗಳೆದ್ದವು. ಸಮಾಜಶಾಸ್ತ್ರಜ್ಞ ಘುರ್ಯೆಯವರು 1943ರಲ್ಲಿ ಇದಕ್ಕೆ ಎದುರಾಗಿ ಪುಸ್ತಕವನ್ನೇ ಬರೆದರು. ಟೀಕಾಕಾರರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎಲ್ವಿನ್ನರೂ ಮುಂದೆ ಆ ವಾದವನ್ನು ಸಡಿಲಿಸಿದರು. 1954ರಲ್ಲಿ ಭಾರತದ ಪೌರತ್ವ ಪಡೆದು, ಇಂದಿನ ಅರುಣಾಚಲಕ್ಕೆ ಆಗ ಈಶಾನ್ಯ ಗಡಿ ಪ್ರಾಂತವೆಂದು ಹೆಸರಿದ್ದಾಗ, ಅಲ್ಲಿಯ ಆಡಳಿತಕ್ಕೆ ಬುಡಕಟ್ಟುಗಳ ವಿಷಯದಲ್ಲಿ ಸಲಹೆಗಾರರಾದರು. ಆಸ್ಪತ್ರೆ, ರಸ್ತೆ, ಶಾಲೆ ಬರಲಿ, ಆದರೆ ಭೂಮಿ, ಭಾಷೆ, ಉಡಿಗೆಗಳ ಮೇಲೆ ಹೊರಗಿನವರ ಹೇರಿಕೆ ಬೇಡವೆಂಬುದು 1957ರ ಅವರ ಪುಸ್ತಕದ ಸಾರ. ಅದರ ಎರಡನೆಯ ಮುದ್ರಣಕ್ಕೆ ನೆಹರೂ ಅವರೇ ಮುನ್ನುಡಿ ಬರೆದರು. 1961ರಲ್ಲಿ ಪದ್ಮಭೂಷಣ ಬಂತು. 1964ರ ಫೆಬ್ರವರಿ 22ರಂದು ದೆಹಲಿಯಲ್ಲಿ ಎಲ್ವಿನ್ನರು ತೀರಿಕೊಂಡರು. ಆ ವರ್ಷವೇ ಪ್ರಕಟವಾದ ಆತ್ಮಕಥೆಗೆ ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಇನ್ನೊಂದು ಸಂಗತಿ ಉಳಿದಿದೆ. 1940ರಲ್ಲಿ ಎಲ್ವಿನ್ನರು ತಮ್ಮ ಶಾಲೆಯಲ್ಲಿ ಓದಿದ್ದ ಕೋಸಿ ಎಂಬ ಗೊಂಡ ಯುವತಿಯನ್ನು ಮದುವೆಯಾದರು. 1949ರಲ್ಲಿ ವಿಚ್ಛೇದನವಾಯಿತು. ಮುಂದೆ ಅವರು ಪರ್ಧಾನ ಕುಲದ ಲೀಲಾ ಅವರನ್ನು ಮದುವೆಯಾಗಿ ಶಿಲ್ಲಾಂಗಿನಲ್ಲಿ ನೆಲೆಸಿದರು. ಕೋಸಿಯವರು ಮಾತ್ರ ಹಳ್ಳಿಯಲ್ಲಿಯೇ ಉಳಿದು, ಎಲ್ವಿನ್ನರು ಹೋದ ಮೇಲೂ ದಶಕಗಳ ಕಾಲ ಬಡತನದಲ್ಲಿ ಬದುಕಿದರು. ಅಷ್ಟು ದೊಡ್ಡ ಆತ್ಮಕಥೆಯಲ್ಲಿ ಅವರ ವಿಷಯಕ್ಕೆ ಸಿಕ್ಕಿರುವ ಸ್ಥಳ ತೀರ ಕಡಮೆ. ಈ ಲೇಖನದ ಕರಡನ್ನು ನೋಡಿದ ನಮ್ಮ ಉಪನ್ಯಾಸಕರೊಬ್ಬರು, ಮಹನೀಯರ ಚರಿತ್ರೆಯಲ್ಲಿ ಮನೆಯೊಳಗಿನ ಮಾತೇಕೆ, ಈ ಭಾಗವನ್ನು ಬಿಟ್ಟುಬಿಡಬಹುದೆಂದು ಸೂಚಿಸಿದರು. ಅವರಲ್ಲಿ ನನಗೆ ಗೌರವವಿದೆ. ಆದರೂ ಬಿಡಲು ಮನಸ್ಸು ಬರಲಿಲ್ಲ; ಆ ಹಳ್ಳಿಯಲ್ಲಿ ಕೇಳದೆ ಉಳಿದ ದನಿ ಅದೊಂದಾದರೂ ಇತ್ತಲ್ಲ.